ಆನ್‌ಲೈನ್ ಕೋರ್ಸನ್ನು ಮಾಡ್ಯೂಲ್‌ಗಳಾಗಿ ಜೋಡಿಸುವುದು ಹೇಗೆ: ಮಾತಾಡುವ ಕನ್ನಡದ ಕೋರ್ಸೊಂದರ ಉದಾಹರಣೆಯೊಂದಿಗೆ

ಆನ್‌ಲೈನ್ ಕೋರ್ಸ್ ಮಾಡಲು ಹೊರಟವರ ಹತ್ತಿರ ಸಾಮಾನ್ಯವಾಗಿ ವಿಷಯಕ್ಕೆ ಕೊರತೆ ಇರುವುದಿಲ್ಲ. ಪಾಠದ ಟಿಪ್ಪಣಿ ಇರುತ್ತದೆ, ವಿಡಿಯೊ ಇರುತ್ತದೆ, ಪಿಡಿಎಫ್‌ಗಳ ರಾಶಿಯೇ ಇರುತ್ತದೆ. ಇದನ್ನೆಲ್ಲ ಎಲ್ಲಿ ಕತ್ತರಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ ಎನ್ನುವಾಗ ಕೈ ನಿಂತುಬಿಡುತ್ತದೆ. ಆಗ ಹೆಚ್ಚಿನವರು ಸುಲಭದ ದಾರಿ ಹಿಡಿಯುತ್ತಾರೆ. ಪುಸ್ತಕದ ಒಂದು ಅಧ್ಯಾಯಕ್ಕೆ ಒಂದು ಮಾಡ್ಯೂಲ್ (ಕೋರ್ಸಿನ ಒಂದು ಭಾಗ) ಎಂದು ಲೆಕ್ಕ ಹಾಕಿ ಎಲ್ಲವನ್ನೂ ಏರಿಸಿಬಿಡುತ್ತಾರೆ.

ನನ್ನ ಪ್ರಕಾರ ಮಾಡ್ಯೂಲಿನ ಗಡಿಯನ್ನು ಅಧ್ಯಾಯ ಗೊತ್ತುಮಾಡಬಾರದು. ಅದನ್ನು ಮುಗಿಸಿದವರು ಏನು ಮಾಡಬಲ್ಲರು ಎಂಬುದು ಗೊತ್ತುಮಾಡಬೇಕು. ಒಂದು ಮಾಡ್ಯೂಲ್ ಮುಗಿಸಿದ ದಿನವೇ ಹೊರಗೆ ಹೋಗಿ ಬಳಸುವಂಥದ್ದು ಏನಾದರೂ ಕೈಗೆ ಸಿಗಬೇಕು. ಇದು ಹೇಗೆ ಎಂದು ತೋರಿಸಲು ನಾನು ಕಲಿಸುವ ವಿಷಯವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ: ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಮಾತಾಡುವ ಕನ್ನಡ. ನಿಮ್ಮದು ಹೊಲಿಗೆಯ ಕೋರ್ಸ್ ಆಗಿರಬಹುದು, ಟ್ಯಾಲಿ ಇರಬಹುದು, ಪಿಯುಸಿ ಗಣಿತ ಇರಬಹುದು. ಹೆಜ್ಜೆಗಳು ಇವೇ.

ಹೆಜ್ಜೆ 1: ಯಾರಿಗಾಗಿ ಎಂದು ಬರೆದಿಡಿ

‘ಕನ್ನಡ ಕಲಿಯಬೇಕು ಎನ್ನುವ ಎಲ್ಲರಿಗೂ’ ಎಂದು ಶುರುಮಾಡಿದರೆ ಮಾಡ್ಯೂಲ್ ಕಟ್ಟಲು ಆಗುವುದೇ ಇಲ್ಲ. ಒಬ್ಬೊಬ್ಬರಿಗೆ ಬೇಕಾದ್ದು ಒಂದೊಂದು.

ಒಡಿಶಾದಿಂದ ಬಂದು ಸಾಫ್ಟ್‌ವೇರ್ ಕಂಪನಿ ಸೇರಿದವರಿಗೆ ಆಟೊ, ಅಂಗಡಿ, ಮನೆ ಓನರ್ ಜೊತೆ ಮಾತು ಬೇಕು. ಬೇರೆ ರಾಜ್ಯದಿಂದ ಇಲ್ಲಿಗೆ ಓದಲು ಬಂದ ಎಂಬಿಬಿಎಸ್ ವಿದ್ಯಾರ್ಥಿಗೆ ‘ಎಲ್ಲಿ ನೋವು? ಎಷ್ಟು ದಿನದಿಂದ? ಊಟ ಸೇರುತ್ತಾ?’ ಎಂದು ಕೇಳಲು ಬರಬೇಕು. 2019ರಿಂದ ಎಂಬಿಬಿಎಸ್ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯೂ ಸೇರಿರುವುದು ಇದಕ್ಕಾಗಿಯೇ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಎಂಬ ವಿಷಯ ಇದೆ. ಅಲ್ಲಿ ಪರೀಕ್ಷೆಯೂ ಇರುವುದರಿಂದ ಸಿಲಬಸ್ ಬಿಟ್ಟು ಆಚೀಚೆ ಹೋಗಲು ಆಗುವುದಿಲ್ಲ. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳದು ಇನ್ನೊಂದು ತೆರ. ಅಜ್ಜಿ ಮಾತಾಡಿದ್ದು ಪೂರ್ತಿ ಅರ್ಥವಾಗುತ್ತದೆ, ಆದರೆ ಅಕ್ಷರ ಬರುವುದಿಲ್ಲ. ಅವರಿಗೆ ‘ನಿಮ್ಮ ಹೆಸರೇನು’ ಎಂಬ ಪಾಠ ಕೊಟ್ಟರೆ ಮೊದಲ ದಿನವೇ ಬೇಜಾರು.

ಇವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಆಮೇಲೆ ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಅವರಿಗೆ ಈಗಾಗಲೇ ಏನು ಗೊತ್ತು, ದಿನಕ್ಕೆ ಎಷ್ಟು ಹೊತ್ತು ಕೊಡಬಲ್ಲರು, ಫೋನಲ್ಲಿ ನೋಡುತ್ತಾರೋ ಲ್ಯಾಪ್‌ಟಾಪಲ್ಲೋ, ಕೋರ್ಸ್ ಮುಗಿದ ಮೇಲೆ ಏನು ಮಾಡಬೇಕು ಎಂದುಕೊಂಡಿದ್ದಾರೆ.

ನಮ್ಮ ಉದಾಹರಣೆಗೆ ಇನ್ನೂ ಒಂದು ಸಾಲು ಬೇಕು. ಯಾವ ಕನ್ನಡ? ‘ಹೋಗುತ್ತೇನೆ’ ಎಂದು ಕಲಿಸಿದರೆ ಕಲಿತವರು ಬೀದಿಯಲ್ಲಿ ಕೇಳುವುದು ‘ಹೋಗ್ತೀನಿ’. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರುವವರಿಗೆ, ಕುಂದಾಪುರಕ್ಕೆ ಹೋಗುವವರಿಗೆ ಬೆಂಗಳೂರಿನ ಮಾತು ಅರ್ಧ ದಾರಿಗೆ ಮಾತ್ರ ಆದೀತು. ಒಂದು ಕೋರ್ಸಿಗೆ ಒಂದೇ ಬಗೆಯ ಮಾತು ಇಟ್ಟುಕೊಂಡು, ಅದನ್ನು ಮೊದಲ ಪುಟದಲ್ಲೇ ಹೇಳಿಬಿಡುವುದು ಒಳ್ಳೆಯದು.

ಹೆಜ್ಜೆ 2: ಇರುವುದನ್ನೆಲ್ಲ ಒಂದು ಶೀಟಿಗೆ ಇಳಿಸಿ

ಎಕ್ಸೆಲ್ ಅಥವಾ ಗೂಗಲ್ ಶೀಟ್ ತೆರೆಯಿರಿ. ಒಂದು ಸಾಲಿಗೆ ಒಂದೇ ಚಿಕ್ಕ ವಿಷಯ. ‘ಕ್ರಿಯಾಪದ’ ಎಂದು ಒಂದೇ ಸಾಲು ಬರೆದರೆ ಉಪಯೋಗವಿಲ್ಲ. ‘ಕೊಡಿ, ಬನ್ನಿ, ನಿಲ್ಲಿಸಿ’ ಒಂದು ಸಾಲು, ‘ಮಾಡ್ತೀನಿ, ಮಾಡ್ತೀರಿ’ ಇನ್ನೊಂದು ಸಾಲು, ‘ಮಾಡಿದೆ, ಹೋದೆ’ ಮತ್ತೊಂದು. ಐದು ಕಾಲಂ ಸಾಕು: ವಿಷಯ, ಯಾವ ರೂಪದಲ್ಲಿದೆ, ಎಷ್ಟು ನಿಮಿಷ, ಎಲ್ಲಿ ಬಳಕೆಗೆ ಬರುತ್ತದೆ, ಇದಕ್ಕೆ ಮೊದಲು ಏನು ಗೊತ್ತಿರಬೇಕು.

ಕೊನೆಯ ಕಾಲಂ ತುಂಬುವಾಗ ಆತುರ ಬೇಡ. ಮುಂದೆ ಮಾಡ್ಯೂಲ್‌ಗಳ ಕ್ರಮ ಹುಟ್ಟುವುದು ಅದರಿಂದಲೇ. ಎಷ್ಟೋ ವಿಷಯಗಳಿಗೆ ‘ಮೊದಲು ಏನೂ ಬೇಡ’ ಎಂದು ಬರೆಯಬೇಕಾಗುತ್ತದೆ. ಅಂಥವೇ ನಿಮ್ಮ ಆರಂಭದ ಆಸ್ತಿ.

ಇದೇ ಹೊತ್ತಿನಲ್ಲಿ ಕೆಲವು ಸಾಲುಗಳು ಎಲ್ಲೂ ಬಳಕೆಗೆ ಬರುವುದಿಲ್ಲ ಎಂದು ಗೊತ್ತಾಗುತ್ತದೆ. ಕನ್ನಡ ಎಷ್ಟು ಹಳೆಯದು, ಹಲ್ಮಿಡಿ ಶಾಸನ ಎಲ್ಲಿ ಸಿಕ್ಕಿತು ಎಂಬ ಪಾಠ ನನಗೂ ಪ್ರೀತಿಯದು. ಆದರೆ ನಾಳೆ ಬೆಳಿಗ್ಗೆ ಹಾಲಿನವರ ಜೊತೆ ಮಾತಾಡಬೇಕಾದವರಿಗೆ ಅದು ಮೊದಲ ಮಾಡ್ಯೂಲಿನಲ್ಲಿ ಬೇಡ. ಅಂಥದ್ದನ್ನು ಅಳಿಸಬೇಡಿ. ‘ಇಷ್ಟವಿದ್ದರೆ ಓದಿ’ ಎಂಬ ಬೇರೆ ಜಾಗಕ್ಕೆ ಸರಿಸಿ.

ಹೆಜ್ಜೆ 3: ಪ್ರತಿ ಮಾಡ್ಯೂಲಿಗೂ ಒಂದು ಸಾಲಿನ ಗುರಿ

ಹೀಗೆ ಬರೆಯಿರಿ: ‘ಇದನ್ನು ಮುಗಿಸಿದವರು ಇಂಥದ್ದನ್ನು ಮಾಡಬಲ್ಲರು.’ ಕೊನೆಯ ಮಾತು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕೆಲಸವಾಗಿರಲಿ. ‘ವಿಭಕ್ತಿ ಪ್ರತ್ಯಯಗಳನ್ನು ತಿಳಿಯುತ್ತಾರೆ’ ಎಂದರೆ ತಿಳಿದರೋ ಇಲ್ಲವೋ ಎಂದು ನೋಡುವುದು ಹೇಗೆ? ‘ಎಲ್ಲಿಗೆ ಹೋಗಬೇಕು ಎಂದು ಆಟೊದವರಿಗೆ ಹೇಳಿ, ದಾರಿಯಲ್ಲಿ ಎಡ ಬಲ ತೋರಿಸಬಲ್ಲರು’ ಎಂದರೆ ನೋಡಬಹುದು, ಕೇಳಬಹುದು, ಅಂಕವನ್ನೂ ಕೊಡಬಹುದು.

ಗುರಿಯ ಸಾಲು ಉದ್ದವಾಗಿ ‘ಮತ್ತು’, ‘ಹಾಗೂ’ ಎಂದು ಬೆಳೆಯತೊಡಗಿದರೆ ಅಲ್ಲಿ ಎರಡು ಮಾಡ್ಯೂಲ್‌ಗಳು ಅಂಟಿಕೊಂಡಿವೆ ಎಂದು ಅರ್ಥ. ಬಿಡಿಸಿ. ಗುರಿಯ ಸಾಲನ್ನೇ ಸ್ವಲ್ಪ ಕಿರಿದು ಮಾಡಿ ಮಾಡ್ಯೂಲಿನ ಹೆಸರಾಗಿ ಇಡಬಹುದು. ‘ಮಾಡ್ಯೂಲ್ 3: ಚತುರ್ಥಿ ವಿಭಕ್ತಿ’ ಎನ್ನುವುದಕ್ಕಿಂತ ‘ಮಾಡ್ಯೂಲ್ 3: ಆಟೊ ಹತ್ತಿ ಮನೆ ಸೇರಿ’ ಎಂದರೆ ಯಾರಿಗಾದರೂ ತೆರೆದು ನೋಡೋಣ ಅನ್ನಿಸುತ್ತದೆ, ಅಲ್ವಾ?

ಹೆಜ್ಜೆ 4: ಯಾವುದು ಮೊದಲು?

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಹೆಜ್ಜೆ ಇದು. ವ್ಯಾಕರಣದ ಪುಸ್ತಕ ವರ್ಣಮಾಲೆಯಿಂದ ಶುರುವಾಗಿ ನಾಮಪದ, ವಿಭಕ್ತಿ, ಕ್ರಿಯಾಪದ ಎಂದು ಸಾಗುತ್ತದೆ. ಭಾಷೆ ಈಗಾಗಲೇ ಬಲ್ಲವರಿಗೆ ಆ ಕ್ರಮ ಸರಿ. ಹೊಸಬರಿಗೆ ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಅತಿ ಕಡಿಮೆ ಕಲಿತು ಅತಿ ಜಾಸ್ತಿ ಕೆಲಸ ಆಗುವುದು ಯಾವುದರಿಂದ?

ಕನ್ನಡ ಇಲ್ಲಿ ನಮಗೆ ತುಂಬಾ ಸಹಾಯ ಮಾಡುತ್ತದೆ. ಬೇಕು, ಬೇಡ, ಸಾಕು, ಗೊತ್ತು, ಇದೆ, ಇಲ್ಲ. ಇವುಗಳಲ್ಲಿ ಬೇಕು, ಬೇಡ, ಸಾಕು, ಗೊತ್ತು ಯಾರ ಜೊತೆ ಬಂದರೂ ಬದಲಾಗುವುದಿಲ್ಲ. ನನಗೆ ಕಾಫಿ ಬೇಕು, ಅವರಿಗೆ ಕಾಫಿ ಬೇಕು, ಮಕ್ಕಳಿಗೆ ಕಾಫಿ ಬೇಡ. ‘ಮಾಡ್ತೀನಿ, ಮಾಡ್ತೀರಿ, ಮಾಡ್ತಾನೆ, ಮಾಡ್ತಾಳೆ’ ಎಂಬ ಬಾಲಗಳ ಗೊಡವೆ ಒಂದೂ ಇಲ್ಲ. ಹಾಗಾಗಿ ಮೊದಲ ಮಾಡ್ಯೂಲ್ ದರ್ಶಿನಿ ಹೋಟೆಲಿನ ಕೌಂಟರ್ ಮುಂದೆ ಶುರುವಾಗಲಿ. ‘ಎರಡು ಇಡ್ಲಿ, ಒಂದು ವಡೆ ಕೊಡಿ.’ ‘ಸಾಂಬಾರ್ ಬೇರೆ ಬೇಕು.’ ‘ಸಕ್ಕರೆ ಬೇಡ.’ ‘ಪಾರ್ಸೆಲ್ ಇದೆಯಾ?’ ಇಷ್ಟಕ್ಕೆ ವ್ಯಾಕರಣದ ವಿವರಣೆ ಬೇಕಾಗುವುದೇ ಇಲ್ಲ. ಕಲಿತವರು ಅದೇ ಸಂಜೆ ಹೋಗಿ ತಿಂಡಿ ತಿಂದು ಬರಬಹುದು.

ಇದೇ ಮಾಡ್ಯೂಲಿನಲ್ಲಿ ‘ಅರ್ಥ ಆಗ್ಲಿಲ್ಲ’, ‘ನಿಧಾನವಾಗಿ ಹೇಳಿ’, ‘ಕನ್ನಡ ಕಲೀತಾ ಇದ್ದೀನಿ’ ಎಂಬ ಮೂರು ವಾಕ್ಯಗಳನ್ನೂ ಇಡಿ. ಮೂರರಲ್ಲೂ ಮುಂದೆ ಕಲಿಸಬೇಕಾದ ವ್ಯಾಕರಣ ಅಡಗಿದೆ. ಈಗ ಅದನ್ನು ಬಿಡಿಸಿ ಹೇಳಬೇಡಿ, ಬಾಯಿಪಾಠ ಮಾಡಿಸಿ ಸಾಕು. ಈ ಮೂರು ಗೊತ್ತಿದ್ದರೆ ಎದುರಿನವರು ಥಟ್ಟನೆ ಹಿಂದಿಗೋ ಇಂಗ್ಲಿಷಿಗೋ ಹೊರಳುವುದು ಎಷ್ಟೋ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ಕನ್ನಡ ಕಲಿಯುವವರಿಗೆ ದೊಡ್ಡ ಅಡ್ಡಿಯೇ ಅದು. ಕಲಿಸುವ ನಾವು ಅದನ್ನು ಮೊದಲ ಮಾಡ್ಯೂಲಿನಲ್ಲೇ ಎದುರಿಸಬೇಕು.

ಎರಡನೆಯದು ಬೆಲೆ ಮತ್ತು ಸಂಖ್ಯೆ. ಒಂದರಿಂದ ನೂರರವರೆಗೆ ಸಾಲಾಗಿ ಕಲಿಸುವ ಅಗತ್ಯವಿಲ್ಲ. ಒಂದರಿಂದ ಹತ್ತು ಆದಮೇಲೆ ನೇರ ಇಪ್ಪತ್ತು, ಮೂವತ್ತು, ಐವತ್ತು, ನೂರು, ಇನ್ನೂರು, ಐನೂರು. ಬೀದಿಯಲ್ಲಿ ಹೆಚ್ಚು ಕಿವಿಗೆ ಬೀಳುವುದು ಇವು. ಹನ್ನೊಂದರಿಂದ ಹತ್ತೊಂಬತ್ತು ಆಮೇಲೆ ಬಂದರೆ ಆಗುತ್ತದೆ. ಈಗ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟರೂ, ಎಷ್ಟು ಹಾಕಬೇಕು ಎಂದು ಅಂಗಡಿಯವರು ಬಾಯಲ್ಲೇ ಹೇಳುತ್ತಾರೆ.

ಮೂರನೆಯದು ಆಟೊ ಮತ್ತು ಬಸ್. ಇಲ್ಲಿ ಒಂದು ಕಟ್ಟುನಿಟ್ಟಾದ ತೀರ್ಮಾನ ಬೇಕು. ಜಯನಗರಕ್ಕೆ, ಮಲ್ಲೇಶ್ವರಕ್ಕೆ, ಆದರೆ ಮಾರತ್ತಹಳ್ಳಿಗೆ, ಚಿಕ್ಕಪೇಟೆಗೆ, ಮೈಸೂರಿಗೆ. ಯಾವಾಗ ‘ಕ್ಕೆ’, ಯಾವಾಗ ‘ಗೆ’, ಯಾವಾಗ ‘ಇಗೆ’ ಎಂದು ವಿವರಿಸಲು ಕಲಿಸುವವರ ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ. ಈ ಮಾಡ್ಯೂಲಿನ ಗುರಿ ಮನೆ ಸೇರುವುದು. ಊರಿನ ಹತ್ತು ಜಾಗಗಳ ಹೆಸರನ್ನು ಅವುಗಳ ಬಾಲದ ಸಮೇತ ಹೇಳಿಸಿ. ಜೊತೆಗೆ ‘ಅಣ್ಣ, ಜಯನಗರಕ್ಕೆ ಬರ್ತೀರಾ?’, ‘ಇಲ್ಲೇ ನಿಲ್ಲಿಸಿ’, ‘ಮುಂದೆ ಎಡಕ್ಕೆ’. ನಿಯಮದ ಪಾಠ ಇನ್ನೆರಡು ಮಾಡ್ಯೂಲ್ ಆದಮೇಲೆ ಬರಲಿ. ಆ ಹೊತ್ತಿಗೆ ಅವರ ಕಿವಿಯಲ್ಲಿ ಉದಾಹರಣೆಗಳು ಕೂತಿರುತ್ತವೆ. ನಿಯಮ ಹೇಳಿದ ಕೂಡಲೇ ‘ಓ, ಅದಕ್ಕೇನಾ!’ ಎನ್ನುತ್ತಾರೆ. ಮೊದಲು ಬಳಕೆ, ಆಮೇಲೆ ನಿಯಮ ಎಂಬ ಈ ಜೋಡಣೆ ಭಾಷೆಗಷ್ಟೇ ಸೀಮಿತವಲ್ಲ. ಟ್ಯಾಲಿ ಕಲಿಸುವವರು ಡೆಬಿಟ್ ಕ್ರೆಡಿಟ್ ನಿಯಮಕ್ಕೆ ಮೊದಲು ನಾಲ್ಕು ಬಿಲ್ ಎಂಟ್ರಿ ಮಾಡಿಸಬಹುದು.

ಅಲ್ಲಿಂದ ಮುಂದೆ ‘ಹೋಗ್ಬೇಕು, ಬರಬಹುದು, ಮಾಡಬಾರದು’. ಇವೂ ನಾನು, ನೀವು, ಅವರು ಎಲ್ಲರಿಗೂ ಒಂದೇ ರೂಪ. ಇಷ್ಟು ಕೈಗೆ ಬಂದಾಗ ಮನೆ ಓನರ್ ಜೊತೆ ‘ನೀರು ಬರ್ತಾ ಇಲ್ಲ, ಪ್ಲಂಬರ್‌ನ ಕರೀಬೇಕು’ ಎನ್ನುವ ಮಟ್ಟಕ್ಕೆ ಬಂದಿರುತ್ತಾರೆ.

ಕ್ರಿಯಾಪದದ ಬಾಲಗಳು ಬರುವುದು ಇದಾದ ಮೇಲೆ. ಆಗಲೂ ಎಲ್ಲವೂ ಒಟ್ಟಿಗೆ ಬೇಡ. ನಾನು, ನೀವು, ಅವರು ಮೂರೇ ಮೊದಲು. ‘ನೀನು, ಅವನು, ಅವಳು’ ಬೇಕೆಂದೇ ತಡವಾಗಿ ಬರಲಿ. ಹೊಸಬರು ಪಕ್ಕದ ಮನೆಯ ಹಿರಿಯರಿಗೆ ‘ನೀನು ಬಾ’ ಎಂದುಬಿಟ್ಟರೆ ಇಬ್ಬರಿಗೂ ಮುಜುಗರ. ಪುಟ್ಟ ಮಗುವಿಗೆ ‘ನೀವು ಬನ್ನಿ’ ಎಂದರೆ ಯಾರಿಗೂ ನೋವಿಲ್ಲ, ನಗುತ್ತಾರೆ ಅಷ್ಟೇ.

ಕೊನೆಗೆ ಭೂತಕಾಲ. ಇದು ನಿಜವಾಗಿ ಕಷ್ಟದ್ದು. ಮಾಡು ಎಂಬುದು ಮಾಡಿದೆ ಆಗುತ್ತದೆ, ಸರಿ. ಆದರೆ ತಿನ್ನು ತಿಂದೆ, ಕೊಡು ಕೊಟ್ಟೆ, ಬೀಳು ಬಿದ್ದೆ, ನಗು ನಕ್ಕೆ, ಹೋಗು ಹೋದೆ. ಇದನ್ನು ಒಂದೇ ಮಾಡ್ಯೂಲಿಗೆ ತುರುಕಿದರೆ ಕಲಿಯುವವರು ಅಲ್ಲೇ ನಿಲ್ಲುತ್ತಾರೆ. ಎರಡು ಅಥವಾ ಮೂರು ಮಾಡ್ಯೂಲ್ ಮಾಡಿ. ಮೊದಲನೆಯದಕ್ಕೆ ದಿನಬಳಕೆಯ ಏಳೆಂಟು ಕ್ರಿಯೆಗಳು ಸಾಕು. ಅದಕ್ಕೂ ಮೊದಲೇ ‘ಆಯ್ತು’ ಕೊಟ್ಟಿರಿ. ‘ಊಟ ಆಯ್ತಾ? ಆಯ್ತು.’ ‘ಕೆಲಸ ಆಯ್ತು.’ ಒಂದೇ ಮಾತಿನಿಂದ ಮುಗಿದದ್ದನ್ನೆಲ್ಲ ಹೇಳಬಹುದು.

ನಿಮ್ಮ ವಿಷಯದಲ್ಲೂ ಇಂಥ ‘ಬೇಕು, ಬೇಡ’ಗಳು ಇದ್ದೇ ಇರುತ್ತವೆ. ಹುಡುಕಿ ಮುಂದಕ್ಕೆ ತನ್ನಿ. ಇಂಥ ‘ಭೂತಕಾಲ’ವೂ ಇರುತ್ತದೆ. ಅದನ್ನು ಒಡೆದು ಹಂಚಿ.

ಹೆಜ್ಜೆ 5: ಪಕ್ಕದಲ್ಲೇ ಸಾಗುವ ಇನ್ನೊಂದು ಸಾಲು

ಕೆಲವು ವಿಷಯಗಳು ಯಾವ ಮಾಡ್ಯೂಲಿನಲ್ಲೂ ಸರಿಯಾಗಿ ಕೂರುವುದಿಲ್ಲ. ನಮ್ಮಲ್ಲಿ ಅದು ಅಕ್ಷರ. 49 ಅಕ್ಷರ, ಅದರ ಮೇಲೆ ಗುಣಿತ, ಒತ್ತಕ್ಷರ. ಇದನ್ನೇ ಮೊದಲ ಮಾಡ್ಯೂಲ್ ಮಾಡಿದರೆ ವಾರಗಟ್ಟಲೆ ಬರೆದರೂ ಒಂದು ಮಾತೂ ಬಾಯಿಗೆ ಬಂದಿರುವುದಿಲ್ಲ. ಕೊನೆಗೆ ಇಟ್ಟರೆ ಯಾರೂ ಅಲ್ಲಿಯವರೆಗೆ ಬರುವುದಿಲ್ಲ.

ಹಾಗಾಗಿ ಎರಡು ಸಾಲು ಮಾಡಿ. ಮಾತಿನ ಮಾಡ್ಯೂಲ್‌ಗಳು ಒಂದು ಕಡೆ, ಅಕ್ಷರದ ಚಿಕ್ಕ ಮಾಡ್ಯೂಲ್‌ಗಳು ಇನ್ನೊಂದು ಕಡೆ. ಬೇಕಾದವರು ಎರಡನ್ನೂ ಜೊತೆಜೊತೆಗೆ ಮಾಡಲಿ, ಬೇಡದವರು ಒಂದನ್ನೇ ಮಾಡಲಿ.

ಅಕ್ಷರದ ಸಾಲಿಗೂ ಗುರಿಯ ನಿಯಮವೇ ಅನ್ವಯ. ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮ ಹಿಡಿಯುವ ಬದಲು ಬೋರ್ಡುಗಳನ್ನು ಹಿಡಿಯಿರಿ. ಬೆಂಗಳೂರಿನ ಜಾಗಗಳ ಹೆಸರುಗಳು ಬಹಳಷ್ಟು ‘ನಗರ’, ‘ಹಳ್ಳಿ’, ‘ಪುರ’, ‘ಪೇಟೆ’, ‘ಪಾಳ್ಯ’, ‘ಸಂದ್ರ’ ಎಂದು ಮುಗಿಯುತ್ತವೆ. ಮೊದಲ ಅಕ್ಷರ ಮಾಡ್ಯೂಲಿಗೆ ನ, ಗ, ರ, ಪ ಮತ್ತು ಉಕಾರ ಸಾಕು. ‘ನಗರ’, ‘ಪುರ’ ಎಂದು ಓದಲು ಬಂತು. ಜಯನಗರ, ರಾಜಾಜಿನಗರ, ಕೃಷ್ಣರಾಜಪುರ ಎಂಬ ಬೋರ್ಡುಗಳ ಕೊನೆಯ ಅರ್ಧ ಕೂಡಲೇ ಓದಲು ಸಿಗುತ್ತದೆ. ಎರಡನೆಯದರಲ್ಲಿ ‘ಹಳ್ಳಿ’. ಅದರ ಜೊತೆಗೇ ಒತ್ತಕ್ಷರ ಎಂದರೇನು ಎಂಬುದೂ ಬಂತು. ಖ, ಘ, ಛ, ಝ ಆಮೇಲೆ ಬರಲಿ, ಅವಸರವಿಲ್ಲ.

ಉಚ್ಚಾರಣೆಯದೂ ಇಂಥದ್ದೇ ಪ್ರಶ್ನೆ. ಹಿಂದಿ ಮಾತಾಡುವವರಿಗೆ ‘ಎ’ ಮತ್ತು ‘ಏ’, ‘ಒ’ ಮತ್ತು ‘ಓ’ ನಡುವಿನ ಅಂತರ ಕಿವಿಗೆ ಬೀಳುವುದೇ ಕಷ್ಟ. ‘ಲ’ ಮತ್ತು ‘ಳ’ ಕೂಡ ಹಾಗೇ. ತಮಿಳು, ತೆಲುಗು, ಮಲಯಾಳ ಬಲ್ಲವರಿಗೆ ಇದು ತೊಂದರೆಯೇ ಅಲ್ಲ. ಎಲ್ಲರಿಗೂ ಕಡ್ಡಾಯ ಮಾಡಿದರೆ ಅರ್ಧ ಜನರ ಸಮಯ ಹಾಳು. ಇದನ್ನು ‘ನಿಮ್ಮ ಮನೆಮಾತು ಹಿಂದಿಯಾದರೆ ಇದನ್ನೂ ಕೇಳಿ’ ಎಂಬ ಚಿಕ್ಕ ಅಡ್ಡದಾರಿಯಾಗಿ ಇಡಿ.

ಹೆಜ್ಜೆ 6: ಗಾತ್ರ

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ಸ್ವಯಂ ಮತ್ತು ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳು ವಾರದ ಲೆಕ್ಕದಲ್ಲಿ ನಡೆಯುತ್ತವೆ. ಎನ್‌ಪಿಟಿಇಎಲ್‌ನಲ್ಲಿ 4, 8, 12 ವಾರಗಳ ಕೋರ್ಸುಗಳಿವೆ, ಪ್ರತಿ ವಾರವೂ ಅಸೈನ್‌ಮೆಂಟ್. ಕಾಲೇಜಿನ ಕ್ರೆಡಿಟ್, ಪರೀಕ್ಷೆಯ ದಿನಾಂಕ ಇದ್ದಾಗ ವಾರವೇ ಮಾಡ್ಯೂಲ್ ಆಗುವುದು ಸಹಜ. ಆಫೀಸ್ ಮುಗಿಸಿ ಮೆಟ್ರೊದಲ್ಲಿ ಕೂತು ಕಲಿಯುವವರಿಗೆ ಹಾಗೆ ಮಾಡಬೇಡಿ. ಒಂದು ವಾರ ತಪ್ಪಿದರೆ ‘ಹಿಂದೆ ಬಿದ್ದೆ’ ಎನ್ನಿಸಿ ಬಿಟ್ಟೇಬಿಡುತ್ತಾರೆ. ಅವರಿಗೆ ವಿಷಯದ ಲೆಕ್ಕದ ಮಾಡ್ಯೂಲ್ ಸರಿ.

ಒಂದು ಮಾಡ್ಯೂಲಿನ ಒಟ್ಟು ಕೆಲಸ ಒಂದರಿಂದ ಎರಡು ಗಂಟೆಯಲ್ಲಿ ಮುಗಿಯುವಂತಿರಲಿ, ಅದನ್ನು ನಾಲ್ಕೈದು ಸಲ ಕೂತು ಮಾಡುವಂತಿರಲಿ. ಇದು ನನ್ನ ಅಳತೆ. ನಿಮ್ಮ ವಿಷಯಕ್ಕೆ ಬೇರೆ ಇರಬಹುದು.

ವಿಡಿಯೊ ಬಗ್ಗೆ ಮಾತ್ರ ಗಟ್ಟಿಯಾದ ಆಧಾರ ಇದೆ. ಸಂಶೋಧಕ ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಎಡೆಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ ನಾಲ್ಕು ಕೋರ್ಸುಗಳಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದವಿದ್ದರೂ ಸಾಮಾನ್ಯವಾಗಿ ಜನ ನೋಡುತ್ತಿದ್ದುದು ಹೆಚ್ಚೆಂದರೆ 6 ನಿಮಿಷ. ಮಾತಾಡಿಸುವ ಪಾಠಕ್ಕೆ ನಾನು ಇನ್ನೂ ಚಿಕ್ಕದನ್ನೇ ಬಯಸುತ್ತೇನೆ, ಮೂರು ನಾಲ್ಕು ನಿಮಿಷ. ಯಾಕೆಂದರೆ ನಡುವೆ ನಿಲ್ಲಿಸಿ ಅವರು ತಾವೇ ಹೇಳಬೇಕು. ನಿಮ್ಮ ಹತ್ತಿರ 50 ನಿಮಿಷದ ಹಳೆಯ ಕ್ಲಾಸ್ ರೆಕಾರ್ಡಿಂಗ್ ಇದ್ದರೆ ಸುಮ್ನೆ ಎಂಟು ತುಂಡು ಮಾಡಿ ಹಾಕಬೇಡಿ. ಹೆಜ್ಜೆ 2ರ ಶೀಟ್ ನೋಡಿ, ಒಂದು ಸಾಲಿಗೆ ಒಂದು ತುಂಡು ಎಂದು ಕತ್ತರಿಸಿ. ಉಳಿದದ್ದನ್ನು ಬಿಡಿ.

ಹೆಜ್ಜೆ 7: ಮಾಡ್ಯೂಲಿನ ಒಳಗೆ

ಎಲ್ಲ ಮಾಡ್ಯೂಲಿನ ಒಳಗಿನ ಕ್ರಮವೂ ಒಂದೇ ಆಗಿರಲಿ. ಮುಂದೇನು ಎಂದು ಹುಡುಕುವುದರಲ್ಲಿ ಕಲಿಯುವವರ ಶಕ್ತಿ ಹೋಗಬಾರದು. ನಾನು ಇಡುವ ಕ್ರಮ ಹೀಗಿದೆ:

- ಗುರಿಯ ಒಂದು ಸಾಲು, ಎಷ್ಟು ಹೊತ್ತು ಬೇಕು ಎಂಬುದು
- ಹಿಂದಿನ ಮಾಡ್ಯೂಲಿನಿಂದ ಮೂರ್ನಾಲ್ಕು ಪ್ರಶ್ನೆ
- ಒಂದು ನಿಜವಾದ ಮಾತುಕತೆಯ ಆಡಿಯೊ, ವಿವರಣೆ ಇಲ್ಲದೆ
- ಅದನ್ನೇ ಬಿಡಿಸಿ ಹೇಳುವ ಚಿಕ್ಕ ವಿಡಿಯೊ
- ಹೇಳಿ ನೋಡುವ ಅಭ್ಯಾಸ
- ಕ್ವಿಜ್
- ಹೊರಗೆ ಹೋಗಿ ಮಾಡಬೇಕಾದ ಒಂದು ಕೆಲಸ

ವಿವರಣೆಗೆ ಮೊದಲೇ ಆಡಿಯೊ ಇಟ್ಟಿರುವುದು ಬೇಕೆಂದೇ. ಅರ್ಧಂಬರ್ಧ ಕೇಳಿಸಿಕೊಂಡವರಿಗೆ ವಿವರಣೆ ಬೇಕು ಅನ್ನಿಸುತ್ತದೆ. ಆಗ ಕಿವಿ ತೆರೆದಿರುತ್ತದೆ.

ಹಿಂದಿನ ಪ್ರಶ್ನೆಗಳನ್ನು ದಯವಿಟ್ಟು ಬಿಡಬೇಡಿ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲೇ ಪ್ರಕಟಿಸಿದ್ದರು. ಮತ್ತೆ ಓದುವುದಕ್ಕಿಂತ ನೆನಪಿನಿಂದ ತೆಗೆದು ಹೇಳುವುದು ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು 2006ರಲ್ಲಿ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕೆ ತೋರಿಸಿದರು. ಮಾಡ್ಯೂಲ್‌ಗಳಾಗಿ ಕತ್ತರಿಸುವುದರ ಅಪಾಯ ಇರುವುದೇ ಇಲ್ಲಿ. ಒಂದು ಮುಗಿಯಿತು ಎಂದರೆ ಅದನ್ನು ಮುಚ್ಚಿಟ್ಟ ಹಾಗೆ ಆಗುತ್ತದೆ. ಆದ್ದರಿಂದ ಐದನೇ ಮಾಡ್ಯೂಲಿನ ಮಾತುಕತೆಯಲ್ಲಿ ಎರಡನೇ ಮಾಡ್ಯೂಲಿನ ಬೆಲೆ ಬರಲಿ, ಏಳನೆಯದರಲ್ಲಿ ಮೂರನೆಯದರ ಆಟೊ ಬರಲಿ.

ಹೊರಗಿನ ಕೆಲಸ ಚಿಕ್ಕದಾಗಿರಲಿ. ‘ತರಕಾರಿ ಅಂಗಡಿಯಲ್ಲಿ ಮೂರು ತರಕಾರಿಯ ಬೆಲೆ ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ.’ ಕ್ವಿಜ್‌ನಲ್ಲಿ ಹತ್ತಕ್ಕೆ ಹತ್ತು ಬರುವುದಕ್ಕಿಂತ ಇದನ್ನು ಮಾಡಿ ಬಂದವರ ಮುಖದಲ್ಲಿ ಕಾಣುವ ಸಂತೋಷ ದೊಡ್ಡದು.

ಹೆಜ್ಜೆ 8: ಮೂಡಲ್‌ಗೆ ಏರಿಸುವುದು

ಮೂಡಲ್ ಆನ್‌ಲೈನ್ ಕೋರ್ಸ್ ನಡೆಸುವ ಸಾಫ್ಟ್‌ವೇರ್. ಅದು ಉಚಿತ, ಬಹಳ ಕಾಲೇಜುಗಳಲ್ಲಿ ಈಗಾಗಲೇ ಇದೆ. ಅದಕ್ಕೇ ಅದನ್ನೇ ಹೇಳುತ್ತೇನೆ.

ಹೊಸ ಕೋರ್ಸ್ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ ಕೇಳುತ್ತದೆ. ವಾರದ ಲೆಕ್ಕದ್ದೂ ಇದೆ, ವಿಷಯದ ಲೆಕ್ಕದ್ದೂ ಇದೆ. ವಿಷಯದ್ದನ್ನು ಆರಿಸಿ. ಕೋರ್ಸ್ ಲೇಔಟ್‌ನಲ್ಲಿ ಒಂದು ಪುಟಕ್ಕೆ ಒಂದೇ ಸೆಕ್ಷನ್ ತೋರಿಸುವಂತೆ ಇಡಿ. ಫೋನಲ್ಲಿ ನೋಡುವವರಿಗೆ ಉದ್ದದ ಪುಟ ಎಳೆಯುವುದು ಹಿಂಸೆ. ಆಮೇಲೆ ಒಂದು ಮಾಡ್ಯೂಲಿಗೆ ಒಂದು ಸೆಕ್ಷನ್ ಮಾಡಿ ಹೆಸರು ಕೊಡಿ. ಎಲ್ಲಕ್ಕಿಂತ ಮೇಲಿನ ಸೆಕ್ಷನ್‌ನಲ್ಲಿ ಪಾಠ ಹಾಕಬೇಡಿ. ಅಲ್ಲಿ ಕೋರ್ಸ್ ಬಳಸುವುದು ಹೇಗೆ, ಯಾರನ್ನು ಕೇಳಬೇಕು, ಪ್ರಕಟಣೆ ಇಷ್ಟೇ.

ಮೂಡಲ್ 4.0ರಿಂದ ಎಡಗಡೆ ಕೋರ್ಸ್ ಇಂಡೆಕ್ಸ್ ಕಾಣುತ್ತದೆ. ನೀವು ಕೊಟ್ಟ ಹೆಸರುಗಳೆಲ್ಲ ಅಲ್ಲಿ ಸಾಲಾಗಿ ಬರುತ್ತವೆ. ಹೆಸರು ಉದ್ದವಾದರೆ ಫೋನಿನಲ್ಲಿ ಅರ್ಧಕ್ಕೆ ತುಂಡಾಗುತ್ತದೆ. ಹಾಗಾಗಿ ಮುಖ್ಯ ಪದ ಮೊದಲು ಬರಲಿ: ‘ಆಡಿಯೊ: ಆಟೊದಲ್ಲಿ’, ‘ಕ್ವಿಜ್: ಬೆಲೆ’. ‘ವಿಡಿಯೊ_ಫೈನಲ್_2’ ಎಂಬ ಫೈಲ್ ಹೆಸರು ಹಾಗೇ ಉಳಿದುಬಿಡದಂತೆ ನೋಡಿಕೊಳ್ಳಿ. 2024ರಲ್ಲಿ ಬಂದ 4.5ರಲ್ಲಿ ಸೆಕ್ಷನ್ ಒಳಗೆ ಸಬ್‌ಸೆಕ್ಷನ್ ಮಾಡುವ ಸೌಲಭ್ಯವೂ ಇದೆ. ‘ಹಿಂದಿ ಬಲ್ಲವರಿಗೆ’ ಎಂಬ ನಮ್ಮ ಅಡ್ಡದಾರಿಗೆ ಅದು ಸರಿಯಾದ ಜಾಗ. ಅದರ ಆಚೆಗೆ ಸಬ್‌ಸೆಕ್ಷನ್ ಬಳಕೆ ಜಾಸ್ತಿ ಮಾಡಬೇಡಿ.

ಓದುವ ವಿಷಯಕ್ಕೆ ಪಿಡಿಎಫ್ ಬದಲು ಮೂಡಲ್‌ನ ‘ಪೇಜ್’ ಬಳಸಿ. ಫೋನಿನ ಪರದೆಗೆ ಅದು ಹೊಂದಿಕೊಳ್ಳುತ್ತದೆ. ಹೇಳಿ ನೋಡುವ ಅಭ್ಯಾಸಕ್ಕೆ ‘ಅಸೈನ್‌ಮೆಂಟ್’ ಇಟ್ಟು ಆನ್‌ಲೈನ್ ಟೆಕ್ಸ್ಟ್ ಆರಿಸಿದರೆ, ಬರೆಯುವ ಪೆಟ್ಟಿಗೆಯ ಮೇಲೇ ಆಡಿಯೊ ರೆಕಾರ್ಡ್ ಮಾಡುವ ಬಟನ್ ಸಿಗುತ್ತದೆ. ಕಲಿಯುವವರು ಬೇರೆ ಆ್ಯಪ್ ಹುಡುಕಬೇಕಾಗಿಲ್ಲ.

ಪ್ರತಿ ಚಟುವಟಿಕೆಗೂ ‘ಆ್ಯಕ್ಟಿವಿಟಿ ಕಂಪ್ಲೀಶನ್’ ಹಾಕಿ. ಪೇಜ್ ಆದರೆ ತೆರೆದರೆ ಮುಗಿಯಿತು, ಅಸೈನ್‌ಮೆಂಟ್ ಆದರೆ ಸಲ್ಲಿಸಿದರೆ ಮುಗಿಯಿತು, ಕ್ವಿಜ್ ಆದರೆ ಪಾಸಾದರೆ ಮುಗಿಯಿತು. ಮುಂದೆ ಯಾರು ಎಲ್ಲಿ ನಿಂತರು ಎಂದು ಗೊತ್ತಾಗುವುದು ಇದರಿಂದಲೇ.

ಇನ್ನು ಬೀಗ. ‘ರಿಸ್ಟ್ರಿಕ್ಟ್ ಆ್ಯಕ್ಸೆಸ್’ ಎಂಬಲ್ಲಿ ಒಂದು ಮಾಡ್ಯೂಲ್ ಮುಗಿಸದೆ ಇನ್ನೊಂದು ತೆರೆಯದಂತೆ ಮಾಡಬಹುದು. ಮಕ್ಕಳ ಕ್ಲಾಸಿಗೆ, ಸರ್ಟಿಫಿಕೇಟ್ ಪರೀಕ್ಷೆಗೆ ಇದು ಸರಿ. ದೊಡ್ಡವರ ಕೋರ್ಸಿಗೆ ನಾನು ಬೀಗ ಹಾಕುವುದಿಲ್ಲ. ಮಗುವಿಗೆ ಜ್ವರ ಬಂದ ದಿನ ಅವರಿಗೆ ಆರನೇ ಮಾಡ್ಯೂಲಿನ ಡಾಕ್ಟರ್ ಪಾಠ ಬೇಕು. ಆಗ ‘ಮೊದಲು ಕ್ವಿಜ್ ಪಾಸ್ ಮಾಡಿ’ ಎಂದರೆ ಹೇಗೆ? ಬೀಗ ಹಾಕಲೇಬೇಕಾದರೆ ಪಕ್ಕದ ಕಣ್ಣಿನ ಗುರುತನ್ನು ತೆರೆದಿಡಿ. ಒಳಗೆ ಹೋಗಲು ಆಗದಿದ್ದರೂ ಮುಂದೆ ಏನಿದೆ, ಏನು ಮಾಡಿದರೆ ತೆರೆಯುತ್ತದೆ ಎಂದು ಕಾಣಲಿ.

ಗೂಗಲ್ ಕ್ಲಾಸ್‌ರೂಮ್ ಬಳಸುವವರು ‘ಕ್ಲಾಸ್‌ವರ್ಕ್’ನಲ್ಲಿ ಒಂದು ಮಾಡ್ಯೂಲಿಗೆ ಒಂದು ‘ಟಾಪಿಕ್’ ಮಾಡಿಕೊಳ್ಳಿ. ಹೆಸರಿನ ಮುಂದೆ 01, 02 ಎಂದು ಅಂಕಿ ಹಾಕಿದರೆ ಕ್ರಮ ತಪ್ಪುವುದಿಲ್ಲ.

ಬದಲಾಗುವ ವಿಷಯವನ್ನು ವಿಡಿಯೊದಲ್ಲಿ ಹೇಳಬೇಡಿ. ಆಟೊ ಮಿನಿಮಮ್ ದರ, ಬಸ್ ಚಾರ್ಜು, ಮೆಟ್ರೊ ಎಲ್ಲಿಯವರೆಗೆ ಬಂದಿದೆ ಎಂಬುದೆಲ್ಲ ಪೇಜ್‌ನಲ್ಲಿ ಬರಹವಾಗಿ ಇರಲಿ. ಎರಡು ನಿಮಿಷದಲ್ಲಿ ತಿದ್ದಬಹುದು. ವಿಡಿಯೊ ಆದರೆ ಮತ್ತೆ ಕ್ಯಾಮೆರಾ ಮುಂದೆ ಕೂರಬೇಕು.

ಹೆಜ್ಜೆ 9: ಒಬ್ಬರ ಪಕ್ಕದಲ್ಲಿ ಕೂತು ನೋಡಿ

ಎಲ್ಲ ಮಾಡ್ಯೂಲ್ ತಯಾರಾಗುವವರೆಗೆ ಕಾಯಬೇಡಿ. ಮೊದಲ ಎರಡು ಆದ ಕೂಡಲೇ ಒಬ್ಬ ಹೊಸಬರಿಗೆ ಅವರದೇ ಫೋನಲ್ಲಿ ತೆರೆದುಕೊಡಿ, ಪಕ್ಕದಲ್ಲಿ ಸುಮ್ಮನೆ ಕೂರಿ. ಬಾಯಿ ಬಿಡಬೇಡಿ. ಎಲ್ಲಿ ಬೆರಳು ನಿಂತಿತು, ಏನನ್ನು ನೋಡದೆ ದಾಟಿದರು, ಯಾವ ಆಡಿಯೊ ಮೂರು ಸಲ ಕೇಳಿದರು ಎಂದು ಬರೆದುಕೊಳ್ಳಿ. ಮೂಡಲ್‌ನಲ್ಲಿ ‘ಸ್ವಿಚ್ ರೋಲ್’ ಬಳಸಿ ವಿದ್ಯಾರ್ಥಿಯ ಕಣ್ಣಿನಿಂದ ನೀವೂ ಒಮ್ಮೆ ನೋಡಿ. ಆದರೆ ವಿಷಯ ಬಲ್ಲವರ ಕಣ್ಣು ಹೊಸಬರ ಕಣ್ಣಾಗುವುದಿಲ್ಲ.

ಹೆಜ್ಜೆ 10: ಒಡೆಯುವುದು, ಕೂಡಿಸುವುದು

ಮೊದಲ ಬ್ಯಾಚ್ ಅರ್ಧ ದಾಟಿದಾಗ ‘ಆ್ಯಕ್ಟಿವಿಟಿ ಕಂಪ್ಲೀಶನ್’ ರಿಪೋರ್ಟ್ ತೆರೆಯಿರಿ. ಒಬ್ಬೊಬ್ಬರು ಒಂದೊಂದು ಕಡೆ ನಿಂತಿದ್ದರೆ ಅದು ಅವರವರ ಬದುಕಿನ ಗಡಿಬಿಡಿ. ಬಹಳ ಜನ ಒಂದೇ ಕಡೆ ನಿಂತಿದ್ದರೆ ತೊಂದರೆ ಮಾಡ್ಯೂಲಿನದು. ಅಲ್ಲಿ ಮೂರು ಸಾಧ್ಯತೆ ಹುಡುಕಿ. ಗಾತ್ರ ಜಾಸ್ತಿಯಾಗಿದೆ, ಒಡೆಯಿರಿ. ಮೊದಲು ಹೇಳಬೇಕಾದ್ದನ್ನು ಹೇಳಿಲ್ಲ, ಶೀಟಿನ ಕೊನೆಯ ಕಾಲಂ ಮತ್ತೆ ನೋಡಿ. ಅಥವಾ ಕೆಲಸವೇ ಮುಜುಗರದ್ದು. ಮಾತಾಡಿ ರೆಕಾರ್ಡ್ ಮಾಡುವಲ್ಲಿ ತುಂಬಾ ಜನ ನಿಲ್ಲುತ್ತಾರೆ, ಯಾಕೆಂದರೆ ತಮ್ಮ ದನಿ ಕೇಳಲು ನಾಚಿಕೆ. ಅಲ್ಲಿ ಮಾಡ್ಯೂಲ್ ಒಡೆದರೆ ಪ್ರಯೋಜನವಿಲ್ಲ. ಎರಡೇ ಪದದ ರೆಕಾರ್ಡಿಂಗ್‌ನಿಂದ ಶುರುಮಾಡಿಸಿ, ಉತ್ತರವಾಗಿ ನೀವೂ ದನಿಯಲ್ಲೇ ಹೇಳಿ.

ಎರಡು ಮಾಡ್ಯೂಲ್‌ಗಳನ್ನು ಎಲ್ಲರೂ ಒಂದೇ ಸಲ ಕೂತು ಮುಗಿಸುತ್ತಿದ್ದರೆ ಕೂಡಿಸಿ ಒಂದು ಮಾಡಿ.

ಬ್ಯಾಚ್ ನಡೆಯುತ್ತಿರುವಾಗ ಮಾಡ್ಯೂಲಿನ ಅಂಕಿ ಬದಲಿಸಬೇಡಿ. ನಿನ್ನೆ 5 ಇದ್ದದ್ದು ಇವತ್ತು 6 ಆದರೆ ವಾಟ್ಸ್‌ಆಪ್ ಗುಂಪಿನಲ್ಲಿ ಅರ್ಧ ದಿನ ಗೊಂದಲ. ಬದಲಾವಣೆಗಳನ್ನು ಶೀಟಿನಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಚ್ ಮುಗಿದ ಮೇಲೆ ಕೋರ್ಸಿನ ಬ್ಯಾಕಪ್ ತೆಗೆದು, ವಿದ್ಯಾರ್ಥಿಗಳ ಮಾಹಿತಿ ಇಲ್ಲದಂತೆ ಹೊಸ ಕೋರ್ಸಾಗಿ ರಿಸ್ಟೋರ್ ಮಾಡಿ, ಅದರಲ್ಲಿ ತಿದ್ದಿ. ಹಳೆಯ ಕೋರ್ಸ್ ಹಾಗೇ ಇರಲಿ. ಮುಗಿಸಿ ಹೋದವರು ಡಾಕ್ಟರ್ ಪಾಠವನ್ನೋ ಆಟೊ ಪಾಠವನ್ನೋ ಮತ್ತೆ ಕೇಳಲು ಬರುತ್ತಾರೆ.